ಕಿತ್ತಳೆ ಹಡಗಿನಿಂದ ಶಾಲೆಯ ಪ್ರಾರ್ಥನೆಗೆ: ‘ಕರುಣಾಳು ಬಾ ಬೆಳಕೆ’ಯ ಹಿಂದಿರುವ ಸ್ತುತಿಗೀತೆ

ನಮ್ಮ ಶಾಲೆಯಲ್ಲಿ ವಾರಕ್ಕೆರಡು ದಿನ ಬೆಳಗಿನ ಪ್ರಾರ್ಥನೆಗೆ ‘ಕರುಣಾಳು ಬಾ ಬೆಳಕೆ’ ಹಾಡಿಸುತ್ತಿದ್ದರು. ‘ಮುಸುಕಿದೀ ಮಬ್ಬಿನಲಿ’ ಎಂಬಲ್ಲಿ ಪದವನ್ನು ಎಲ್ಲಿ ಬಿಡಿಸಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ‘ಮುಸುಕಿ, ದೀಮಬ್ಬಿನಲಿ’ ಎಂದೇ ಹಾಡುತ್ತಿದ್ದೆವು. ದೀಮಬ್ಬು ಎಂದರೆ ಘಟ್ಟದ ಮೇಲಿನ ಯಾವುದೋ ದಟ್ಟ ಮಂಜಿರಬೇಕೆಂದು ನಾನು ಏಳನೇ ತರಗತಿಯವರೆಗೂ ನಂಬಿದ್ದೆ. ಹಾಡು ಬಿ.ಎಂ. ಶ್ರೀಕಂಠಯ್ಯನವರದು ಎಂದು ಹೈಸ್ಕೂಲಿನಲ್ಲಿ ತಿಳಿಯಿತು. ಅದರ ಮೂಲ ಒಂದು ಕ್ರೈಸ್ತ ಸ್ತುತಿಗೀತೆ ಎಂಬುದು ಅದಕ್ಕಿಂತಲೂ ತಡವಾಗಿ ತಿಳಿಯಿತು.

2025ರ ನವೆಂಬರ್ 1ರಂದು, ನಾವಿಲ್ಲಿ ರಾಜ್ಯೋತ್ಸವದ ಬಾವುಟ ಹಾರಿಸುತ್ತಿದ್ದ ದಿನವೇ, ಪೋಪ್ ಹದಿನಾಲ್ಕನೇ ಲಿಯೋ ಅವರು ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿಯನ್ನು ‘ಧರ್ಮಸಭೆಯ ಪಂಡಿತ’ ಎಂದು ಘೋಷಿಸಿದರು. ಯಾರ ಬರಹ ಇಡೀ ಕಥೋಲಿಕ ಸಭೆಗೆ ಪಾಠವಾಗಬಲ್ಲದೋ ಅಂಥ ಸಂತರಿಗೆ ಮಾತ್ರ ಸಿಗುವ ಬಿರುದು ಇದು. ಇಷ್ಟು ಶತಮಾನಗಳಲ್ಲಿ ಪಡೆದವರು 38 ಮಂದಿ. ನ್ಯೂಮನ್ ಬರೆದ ದಪ್ಪ ದಪ್ಪ ದೇವತಾಶಾಸ್ತ್ರದ ಗ್ರಂಥಗಳನ್ನು ನಮ್ಮಲ್ಲಿ ಓದಿದವರು ಕಡಿಮೆ. ಆದರೆ ಅವರ ಮೂರು ಚರಣಗಳ ಒಂದು ಪದ್ಯ ಕನ್ನಡದ ಲಕ್ಷಾಂತರ ಮಕ್ಕಳ ಬಾಯಲ್ಲಿದೆ. ‘ಲೀಡ್, ಕೈಂಡ್ಲಿ ಲೈಟ್’ ಅದರ ಮೊದಲ ಮಾತು. ‘ಕರುಣಾಳು ಬಾ ಬೆಳಕೆ’ ಅದರ ಕನ್ನಡ.

ಸ್ತುತಿಗೀತೆ ಎಂದರೇನು, ಒಬ್ಬನ ಖಾಸಗಿ ಪ್ರಾರ್ಥನೆಯನ್ನು ಸಾವಿರಾರು ಜನ ತಮ್ಮದೇ ಪ್ರಾರ್ಥನೆಯಂತೆ ಹಾಡುವುದು ಹೇಗೆ, ರಾಗಕ್ಕೂ ನಂಬಿಕೆಗೂ ಏನು ಸಂಬಂಧ ಎಂಬುದನ್ನು ಈ ಒಂದೇ ಹಾಡನ್ನು ಮುಂದಿಟ್ಟುಕೊಂಡು ನೋಡಬಹುದು.

ಮೊದಲು ಒಂದೆರಡು ಪದಗಳು

ಕನ್ನಡ ಬೈಬಲಿನಲ್ಲಿ ‘ಕೀರ್ತನೆಗಳು’ ಎಂಬ ಗ್ರಂಥವಿದೆ. ದಾಸರ ಕೀರ್ತನೆಗಳಿಗೂ ಇದಕ್ಕೂ ಹೆಸರಷ್ಟೇ ಸಮಾನ. ಇವು ಯೆಹೂದ್ಯರ 150 ಪ್ರಾಚೀನ ಹಾಡುಗಳು. ಸ್ತುತಿ, ಗೋಳು, ಸಿಟ್ಟು, ಕೃತಜ್ಞತೆ ಎಲ್ಲವೂ ಇವುಗಳಲ್ಲಿವೆ. ಕ್ರೈಸ್ತರು ಮೊದಲಿನಿಂದಲೂ ಇವನ್ನು ಹಾಡಿಕೊಂಡು ಬಂದಿದ್ದಾರೆ. ಸ್ತುತಿಗೀತೆ ಬೇರೆ. ಅದು ಬೈಬಲಿನ ಪಾಠವಲ್ಲ, ಭಕ್ತರೊಬ್ಬರು ತಾವೇ ಕಟ್ಟಿದ ಹಾಡು. ನಾಲ್ಕು–ಐದನೇ ಶತಮಾನದ ಸಂತ ಅಗಸ್ಟೀನ್ ಇದಕ್ಕೆ ಮೂರು ಲಕ್ಷಣ ಹೇಳಿದ್ದ: ಹಾಡಾಗಿರಬೇಕು, ಹೊಗಳಿಕೆ ಇರಬೇಕು, ಆ ಹೊಗಳಿಕೆ ದೇವರದ್ದಾಗಿರಬೇಕು. ಈ ಅಳತೆಗೋಲು ಹಿಡಿದರೆ ನ್ಯೂಮನ್ ಪದ್ಯ ಸೋಲುತ್ತದೆ. ಅದರಲ್ಲಿ ಹೊಗಳಿಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇರುವುದೆಲ್ಲ ಬೇಡಿಕೆ.

ಯಾರು ಹಾಡಬೇಕು ಎಂಬ ಪ್ರಶ್ನೆಯೂ ದೊಡ್ಡದಾಗಿತ್ತು. ಪಶ್ಚಿಮ ಯುರೋಪಿನ ದೇವಾಲಯಗಳಲ್ಲಿ ಬಹುಕಾಲ ಪೂಜೆಯ ಗಾಯನ ಲ್ಯಾಟಿನ್ನಿನಲ್ಲಿತ್ತು. ಹಾಡುತ್ತಿದ್ದವರು ಹೆಚ್ಚಾಗಿ ಪಾದ್ರಿಗಳು ಮತ್ತು ಗಾಯಕವೃಂದ. ಜನ ಕೇಳುತ್ತ ನಿಲ್ಲುತ್ತಿದ್ದರು. 1520ರ ದಶಕದಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರ್ ಮತ್ತು ಅವನ ಸಂಗಡಿಗರು ಜರ್ಮನ್ ಭಾಷೆಯಲ್ಲೇ ಹಾಡುಗಳನ್ನು ಅಚ್ಚು ಹಾಕಿಸಿ ಜನರ ಕೈಗೆ ಕೊಟ್ಟರು. ಸಂಸ್ಕೃತದ ಸ್ತೋತ್ರ ಕೇಳುತ್ತ ನಿಂತಿದ್ದವನ ಬಾಯಿಗೆ ದಾಸರು ಕನ್ನಡದ ಪದ ಕೊಟ್ಟಾಗ ಆದ ಬದಲಾವಣೆಯನ್ನು ನೆನೆದರೆ ಇದರ ತೂಕ ಗೊತ್ತಾಗುತ್ತದೆ. ಜಿನೀವಾದಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಇನ್ನೂ ಬಿಗಿ: ಮನುಷ್ಯರು ಕಟ್ಟಿದ ಹಾಡು ಬೇಡ, ಬೈಬಲಿನ ಕೀರ್ತನೆಗಳನ್ನೇ ಪದ್ಯ ಮಾಡಿ ಹಾಡಿ ಎಂದ. ಇಂಗ್ಲೆಂಡ್ ಬಹುಕಾಲ ಅದೇ ದಾರಿ ಹಿಡಿಯಿತು. ಅಲ್ಲಿ ‘ನಾನು’ ಎಂದು ತನ್ನ ಮನಸ್ಸಿನ ಸ್ಥಿತಿಯನ್ನೇ ಹೇಳಿಕೊಳ್ಳುವ ಸ್ತುತಿಗೀತೆಗೆ ಜಾಗ ಮಾಡಿಕೊಟ್ಟವರಲ್ಲಿ ಮುಖ್ಯನಾದವನು ಐಸಾಕ್ ವಾಟ್ಸ್. ಅವನ ಸಂಕಲನ ಬಂದದ್ದು 1707ರಲ್ಲಿ. ನ್ಯೂಮನ್ ಹುಟ್ಟುವ ಹೊತ್ತಿಗೆ, ಅಂದರೆ 1801ಕ್ಕೆ, ಆ ಜಾಗ ಸಾಕಷ್ಟು ಅಗಲವಾಗಿತ್ತು.

ಗಾಳಿಯಿಲ್ಲದ ಒಂದು ವಾರ

1832ರ ಡಿಸೆಂಬರಿನಲ್ಲಿ ನ್ಯೂಮನ್ ಗೆಳೆಯನೊಬ್ಬನ ಜತೆ ಮೆಡಿಟರೇನಿಯನ್ ಪ್ರವಾಸ ಹೊರಟರು. ಆಗ ಅವರು ಆಕ್ಸ್‌ಫರ್ಡಿನಲ್ಲಿ ಆಂಗ್ಲಿಕನ್ ಪಾದ್ರಿ, ಅಂದರೆ ರೋಮ್‌ನಿಂದ ಬೇರೆಯಾದ ಇಂಗ್ಲೆಂಡಿನ ಸಭೆಯವರು. ಕಥೋಲಿಕರಾಗುವುದು ಹನ್ನೆರಡು ವರ್ಷ ಕಳೆದ ಮೇಲೆ, 1845ರಲ್ಲಿ. ರೋಮ್‌ನಿಂದ ಗೆಳೆಯ ಊರಿಗೆ ಮರಳಿದ. ನ್ಯೂಮನ್ ಮಾತ್ರ ಸಿಸಿಲಿಯನ್ನು ಇನ್ನೊಮ್ಮೆ ನೋಡಲೇಬೇಕೆಂದು ಹಟ ಹಿಡಿದು ಆಳೊಬ್ಬನನ್ನು ಕರೆದುಕೊಂಡು ಹೊರಟರು. ಮೇ ತಿಂಗಳಲ್ಲಿ ಅಲ್ಲಿ ವಿಷಮಜ್ವರ ಹಿಡಿಯಿತು. ಗುಡ್ಡದ ಮೇಲಿನ ಊರೊಂದರಲ್ಲಿ ಸುಮಾರು ಮೂರು ವಾರ ಮಲಗಿದರು. ಸಾಯುತ್ತಾರೆಂದೇ ಆಳು ಭಾವಿಸಿದ್ದ. ಜ್ವರದ ಅಮಲಿನಲ್ಲಿ ಅವರನ್ನು ಕಾಡಿದ್ದು ತನ್ನ ಹಟಮಾರಿತನ. ಎಲ್ಲವನ್ನೂ ನಾನೇ ನಿರ್ಧರಿಸಬೇಕು, ನನ್ನ ದಾರಿ ನನಗೇ ಕಾಣಬೇಕು ಎಂಬ ಸ್ವಭಾವ.

ಜ್ವರ ಬಿಟ್ಟಿತು. ಒಂದು ಬೆಳಿಗ್ಗೆ ಹಾಸಿಗೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತರು. ಏನಾಯಿತೆಂದು ಆಳು ಕೇಳಿದರೆ, ಇಂಗ್ಲೆಂಡಿನಲ್ಲಿ ನನಗೊಂದು ಕೆಲಸವಿದೆ ಎಂಬುದಷ್ಟೇ ಉತ್ತರ. ಯಾವ ಕೆಲಸ ಎಂದು ಅವರಿಗೂ ಸ್ಪಷ್ಟವಿರಲಿಲ್ಲ. ಊರು ಸೇರುವ ಆತುರ. ಆದರೆ ಪಲೆರ್ಮೊ ಬಂದರಿನಲ್ಲಿ ಹಡಗಿಗಾಗಿ ಮೂರು ವಾರ ಕಾಯಬೇಕಾಯಿತು. ಕೊನೆಗೆ ಸಿಕ್ಕಿದ್ದು ಫ್ರಾನ್ಸಿನ ಮಾರ್ಸೇಗೆ ಕಿತ್ತಳೆ ಹಣ್ಣು ಸಾಗಿಸುವ ಹಾಯಿಹಡಗು. ಅದೂ ಕಾರ್ಸಿಕಾ ಮತ್ತು ಸಾರ್ಡಿನಿಯಾ ದ್ವೀಪಗಳ ನಡುವಿನ ಬೋನಿಫಾಚೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಒಂದು ವಾರ ನಿಂತಲ್ಲೇ ನಿಂತಿತು.

1833ರ ಜೂನ್ 16ರಂದು, ಅಲ್ಲಿ, ಅವರು ಆ ಮೂರು ಚರಣಗಳನ್ನು ಬರೆದರು.

ಪದ್ಯಕ್ಕೆ ಮುಂದೆ ಅವರು ಕೊಟ್ಟ ಒಂದು ಶೀರ್ಷಿಕೆ ‘ಮೇಘಸ್ತಂಭ’. ಇದು ಬೈಬಲಿನ ವಿಮೋಚನಕಾಂಡದ ಚಿತ್ರ. ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಾಯೇಲರಿಗೆ ಮರುಭೂಮಿಯಲ್ಲಿ ದಾರಿ ಗೊತ್ತಿಲ್ಲ. ದೇವರು ಹಗಲು ಮೋಡದ ಕಂಬವಾಗಿ, ರಾತ್ರಿ ಬೆಂಕಿಯ ಕಂಬವಾಗಿ ಮುಂದೆ ಮುಂದೆ ನಡೆಯುತ್ತಾನೆ. ಆ ಬೆಳಕು ನಕ್ಷೆ ಕೊಡುವುದಿಲ್ಲ, ಮುಂದೆ ಹೋಗುತ್ತದೆ ಅಷ್ಟೇ. ಹಿಂದೆ ಸೈಕಲ್ಲಿಗೆ ಡೈನಮೊ ದೀಪ ಇರುತ್ತಿತ್ತಲ್ಲ, ತುಳಿದರೆ ಮುಂದಿನ ನಾಲ್ಕು ಅಡಿ ಕಾಣುತ್ತಿತ್ತು, ನಿಂತರೆ ದೀಪವೂ ಆರುತ್ತಿತ್ತು. ನ್ಯೂಮನ್ ಬೇಡುವುದು ಹೆಚ್ಚುಕಡಿಮೆ ಅಂಥ ಬೆಳಕನ್ನು. ದೂರದ್ದು ತೋರಿಸೆಂದು ಕೇಳುವುದಿಲ್ಲ, ಒಂದು ಹೆಜ್ಜೆ ಸಾಕು ಎನ್ನುತ್ತಾರೆ. ಎಲ್ಲವೂ ತನಗೆ ಕಾಣಬೇಕೆಂದು ಹಟ ಹಿಡಿಯುತ್ತಿದ್ದ ಮನುಷ್ಯ ಈ ಮಾತು ಹೇಳುತ್ತಿದ್ದಾನೆ ಎಂಬುದನ್ನು ಮರೆಯಬಾರದು. ಅಲುಗಾಡದ ಹಡಗಿನಲ್ಲಿ ಕುಳಿತು ಹೇಳುತ್ತಿದ್ದಾನೆ ಎಂಬುದನ್ನೂ.

ಹಾಡಿನ ‘ನಾನು’ ಯಾರು?

ಇಷ್ಟೆಲ್ಲ ಹಿನ್ನೆಲೆ ಹೇಳಿದೆನಲ್ಲ, ಪದ್ಯದಲ್ಲಿ ಇದರಲ್ಲಿ ಒಂದಾದರೂ ಇದೆಯೇ ಎಂದು ಹುಡುಕಿ ನೋಡಿ. ಜ್ವರವಿಲ್ಲ, ಸಿಸಿಲಿಯಿಲ್ಲ, ಹಡಗಿಲ್ಲ, ಕಿತ್ತಳೆಯಂತೂ ಇಲ್ಲವೇ ಇಲ್ಲ. ಸಮುದ್ರದ ಮಧ್ಯೆ ಬರೆದ ಪದ್ಯದಲ್ಲಿ ಸಮುದ್ರವೇ ಇಲ್ಲ! ಕತ್ತಲು, ದೂರದ ಮನೆ, ಹಿಂದಿನ ಅಹಂಕಾರ, ಒಂದು ಹೆಜ್ಜೆ ಇಷ್ಟೇ ಉಳಿದಿವೆ. ಇನ್ನೂ ಆಶ್ಚರ್ಯವೆಂದರೆ ಏಸುವಿನ ಹೆಸರೂ ಇಲ್ಲ, ದೇವರು ಎಂಬ ಪದವೂ ಇಲ್ಲ; ‘ಬೆಳಕು’ ಎಂಬ ಸಂಬೋಧನೆ ಮಾತ್ರ.

ಒಳ್ಳೆಯ ಸ್ತುತಿಗೀತೆಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಗುಣ. ‘ಅಮೇಜಿಂಗ್ ಗ್ರೇಸ್’ ಬರೆದ ಜಾನ್ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದವನು. 1748ರಲ್ಲಿ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ್ದು ನಿಜ. ಆದರೆ ಮರುದಿನವೇ ಗುಲಾಮರ ವ್ಯಾಪಾರ ಬಿಟ್ಟ ಎಂಬ ಜನಪ್ರಿಯ ಕತೆ ನಿಜವಲ್ಲ. 1754ರವರೆಗೂ ಅದೇ ಕಸುಬಿನಲ್ಲಿದ್ದ, ಅದನ್ನು ಬಹಿರಂಗವಾಗಿ ಖಂಡಿಸಿ ಬರೆದದ್ದು 1788ರಲ್ಲಿ. ನಡುವೆ ಪಾದ್ರಿಯಾಗಿ ಬರೆದ ಆ ಹಾಡಿನಲ್ಲಿ ಹಡಗಿನ ಸುದ್ದಿಯೂ ಇಲ್ಲ, ಗುಲಾಮರ ಸುದ್ದಿಯೂ ಇಲ್ಲ. ಕಳೆದುಹೋಗಿದ್ದೆ, ಸಿಕ್ಕಿದೆ, ಕುರುಡನಾಗಿದ್ದೆ, ಈಗ ಕಾಣುತ್ತಿದ್ದೇನೆ ಎಂಬಷ್ಟೇ ಇದೆ. ಗುಲಾಮರ ವಂಶಸ್ಥರಾದ ಅಮೆರಿಕದ ಕಪ್ಪು ಜನರೂ ಅದನ್ನು ತಮ್ಮದೆಂದು ಹಾಡಲು ಸಾಧ್ಯವಾದದ್ದು ಆ ಖಾಲಿ ಜಾಗದಿಂದಲೇ ಎಂದು ನನಗನ್ನಿಸುತ್ತದೆ.

ನಮ್ಮ ದಾಸರ ಪದಗಳಿಗೆ ಹೋಲಿಸಿದರೆ ಒಂದು ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ದಾಸರ ಪದಕ್ಕೆ ಕೊನೆಯಲ್ಲಿ ಅಂಕಿತವಿರುತ್ತದೆ. ‘ಪುರಂದರವಿಠಲ’ ಎಂಬಲ್ಲಿಗೆ ಬಂದಾಗ ಇದು ಯಾರ ಪದವೆಂದು ಹಾಡುವವನಿಗೂ ಕೇಳುವವನಿಗೂ ಗೊತ್ತು. ವಚನಕ್ಕೂ ಹಾಗೆಯೇ. ಕ್ರೈಸ್ತ ಸ್ತುತಿಗೀತೆಗೆ ಅಂಕಿತವಿಲ್ಲ. ಕವಿಯ ಹೆಸರು ಪುಸ್ತಕದ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಹಾಡಿನೊಳಗೆ ಬರುವುದಿಲ್ಲ. ಹಾಗಾಗಿ ‘ನಾನು’ ಎಂಬುದು ಬಾಗಿಲು ತೆರೆದಿಟ್ಟ ಖಾಲಿ ಮನೆಯಂತೆ. ಭಾನುವಾರದ ಆರಾಧನೆಯಲ್ಲಿ ಇನ್ನೂರು ಜನ ಒಟ್ಟಿಗೆ ‘ನಾನು ದಾರಿ ತಪ್ಪಿದೆ’ ಎಂದು ಹಾಡುತ್ತಾರೆ. ಇನ್ನೂರು ಜನರ ತಪ್ಪುಗಳು ಇನ್ನೂರು ಬಗೆ. ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಅಳತೆ, ಮಟ್ಟು, ಉಸಿರು

ಇಂಗ್ಲಿಷ್ ಸ್ತುತಿಗೀತೆಗಳ ಪುಸ್ತಕ ತೆರೆದರೆ ಹಾಡಿನ ನೆತ್ತಿಯ ಮೇಲೆ 8.6.8.6 ಎಂಬಂಥ ಅಂಕಿ ಕಾಣುತ್ತದೆ. ಅದು ಪುಟಸಂಖ್ಯೆಯೂ ಅಲ್ಲ, ಬೈಬಲಿನ ಅಧ್ಯಾಯವೂ ಅಲ್ಲ. ಪ್ರತಿ ಸಾಲಿನಲ್ಲಿ ಬಾಯಿಂದ ಉಚ್ಚರಿಸುವ ಅಕ್ಷರಗಳು ಎಷ್ಟು ಎಂಬ ಲೆಕ್ಕ. ಅ–ಮೇ–ಜಿಂಗ್–ಗ್ರೇಸ್–ಹೌ–ಸ್ವೀಟ್–ದ–ಸೌಂಡ್: ಎಂಟು. ಮುಂದಿನ ಸಾಲು ಆರು. ಈ ಅಳತೆಯ ಹಾಡುಗಳು ನೂರಾರಿವೆ; ಒಂದರ ರಾಗಕ್ಕೆ ಇನ್ನೊಂದರ ಮಾತು ಕೂರಿಸಿ ಹಾಡಬಹುದು. ನಮ್ಮ ಭಜನೆ ಪುಸ್ತಕಗಳಲ್ಲಿ ಹಾಡಿನ ಮೇಲೆ ‘ಇಂಥ ಹಾಡಿನ ಧಾಟಿ’ ಎಂದು ಬರೆದಿರುವುದು, ಯಕ್ಷಗಾನದ ಭಾಗವತರು ಒಂದೇ ಮಟ್ಟಿಗೆ ಬೇರೆ ಬೇರೆ ಪ್ರಸಂಗದ ಪದ ಹೇಳುವುದು ಇದೇ ತತ್ತ್ವ. ನ್ಯೂಟನ್ನನ ಹಾಡು ಅಚ್ಚಾದದ್ದು 1779ರಲ್ಲಿ. ಇಂದು ಎಲ್ಲರಿಗೂ ಗೊತ್ತಿರುವ ಧಾಟಿಯ ಜತೆ ಅದು ಪುಸ್ತಕದಲ್ಲಿ ಕೂಡಿ ಬಂದದ್ದು 1835ರಲ್ಲಿ, ಅಮೆರಿಕದಲ್ಲಿ.

ಕನ್ನಡ ನಾಡಿಗೂ ಈ ಕೂಡಿಕೆ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಧಾಟಿಗಳಿಗೆ ಕನ್ನಡದ ಮಾತು ಹೊಂದಿಸಿದರು. ಕರಾವಳಿಯ ಹಳೆಯ ಸಭೆಗಳಲ್ಲಿ ಇಂದಿಗೂ ಅವು ಕೇಳಿಸುತ್ತವೆ. ನಿಘಂಟಿನ ಕಿಟೆಲ್ ಮಾತ್ರ ಇನ್ನೊಂದು ದಾರಿ ಹಿಡಿದರು. 1862ರ ‘ಕಥಾಮಾಲೆ’ಯಲ್ಲಿ ಅವರು ಏಸುವಿನ ಚರಿತ್ರೆಯನ್ನು ನಮ್ಮ ದೇಸಿ ಛಂದಸ್ಸಿನಲ್ಲೇ ಹಾಡಲು ಹೊರಟರು.

ಈಗ ನ್ಯೂಮನ್ ಪದ್ಯದ ಅಳತೆ: 10.4.10.4.10.10. ಇದು ಅಪರೂಪದ ಅಳತೆ, ಸಿದ್ಧ ಧಾಟಿಗಳಿಗೆ ಸುಲಭವಾಗಿ ಕೂರುವುದಿಲ್ಲ. ಹತ್ತು ಅಕ್ಷರದ ಉದ್ದ ಸಾಲು, ತಕ್ಷಣ ನಾಲ್ಕೇ ಅಕ್ಷರದ ಗಿಡ್ಡ ಸಾಲು. ಹಾಡಿ ನೋಡಿದರೆ ಗೊತ್ತಾಗುತ್ತದೆ: ಉದ್ದ ಸಾಲಿನಲ್ಲಿ ಉಸಿರು ಹೊರಗೆ ಹೋಗುತ್ತದೆ, ಗಿಡ್ಡ ಸಾಲಿನಲ್ಲಿ ಹಾಡು ತಡೆದು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಕತ್ತಲಲ್ಲಿ ಕಾಲು ಚಾಚಿ ನೆಲ ಮುಟ್ಟಿ ನೋಡಿ ಆಮೇಲೆ ಭಾರ ಹಾಕುವವನ ನಡಿಗೆ ಅದು. ‘ನಡೆಸು’ ಎಂಬ ಬೇಡಿಕೆ ಬರುವುದು ಆ ಗಿಡ್ಡ ಸಾಲಿನಲ್ಲೇ.

ಪದ್ಯ 1834ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಓದುವವರು ಓದಿದರು. ಅದು ಮನೆಮಾತಾದದ್ದು 1865ರಲ್ಲಿ ಜಾನ್ ಬಾಕಸ್ ಡೈಕ್ಸ್ ರಾಗ ಕಟ್ಟಿದ ಮೇಲೆ. ಡೈಕ್ಸ್ ಉತ್ತರ ಇಂಗ್ಲೆಂಡಿನ ಡರ್ಹಮ್ ಪಟ್ಟಣದ ಪಾದ್ರಿ. ಸ್ತುತಿಗೀತೆಗಳ ಧಾಟಿಗಳಿಗೆ ಹಾಡಿನಿಂದ ಬೇರೆಯಾದ ಸ್ವಂತ ಹೆಸರಿರುತ್ತದೆ. ಇದರ ಹೆಸರು ‘ಲುಕ್ಸ್ ಬೆನಿಗ್ನಾ’, ಲ್ಯಾಟಿನ್ನಿನಲ್ಲಿ ಕರುಣೆಯ ಬೆಳಕು. ಇಳಿವಯಸ್ಸಿನಲ್ಲಿ ಯಾರೋ ಹಾಡಿನ ಜನಪ್ರಿಯತೆಗಾಗಿ ನ್ಯೂಮನ್ನರನ್ನು ಅಭಿನಂದಿಸಿದಾಗ ಅವರು, ಅದು ಪದ್ಯದ ಗೆಲುವಲ್ಲ, ಧಾಟಿಯ ಗೆಲುವು, ಡೈಕ್ಸ್ ದೊಡ್ಡ ವಿದ್ವಾಂಸರು ಎಂಬರ್ಥದ ಮಾತು ಹೇಳಿದರಂತೆ. ವಿನಯವೂ ಇರಬಹುದು, ಸತ್ಯವೂ ಇರಬಹುದು. ಆದರೆ ತನ್ನದಲ್ಲದ್ದನ್ನು ತನ್ನ ಹೆಸರಿಗೆ ಕಟ್ಟುವುದನ್ನು ಮಾತ್ರ ಅವರು ಸಹಿಸಲಿಲ್ಲ. ಬಿಕರ್‌ಸ್ಟೆತ್ ಎಂಬ ಪಾದ್ರಿ ತಾನೇ ನಾಲ್ಕನೇ ಚರಣವೊಂದನ್ನು ಬರೆದು ಅಂಟಿಸಿದಾಗ, ಚರಣ ಚೆನ್ನಾಗಿದೆ, ಆದರೆ ಅದು ನನ್ನದಲ್ಲ ಎಂದು ಆಕ್ಷೇಪಿಸಿದರು.

ಬಿ.ಎಂ.ಶ್ರೀ. ಚಾಚಿದ ಕೈ

ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1920ರ ದಶಕದಲ್ಲಿ ‘ಇಂಗ್ಲಿಷ್ ಗೀತಗಳು’ ಮೂಲಕ ಈ ಪದ್ಯವನ್ನು ಕನ್ನಡಕ್ಕೆ ತಂದರು. ಮೂಲದ ಸಾಲು ಐದು ಜೋಡಿ ಅಕ್ಷರಗಳ ಏರಿಳಿತದಲ್ಲಿ ನಡೆಯುತ್ತದೆ. ಕನ್ನಡಕ್ಕೆ ಆ ನಡೆ ಒಗ್ಗುವುದಿಲ್ಲ. ಶ್ರೀಯವರು ಏನು ಮಾಡಿದರೆಂದು ಬೆರಳು ಮಡಚಿ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಕರುಣಾಳು – ಐದು ಮಾತ್ರೆ. ಬಾ ಬೆಳಕೆ – ಐದು. ಮುಸುಕಿದೀ – ಐದು. ಮಬ್ಬಿನಲಿ – ಐದು. ಮುಂದಿನ ಉದ್ದ ಸಾಲೂ ಹಾಗೆಯೇ: ಇರುಳು ಕತ್ | ತಲೆಯ ಗವಿ | ಮನೆ ದೂರ | ಕನಿಕರಿಸಿ. ಉದ್ದ ಸಾಲಿನ ಬೆನ್ನಿಗೆ ಗಿಡ್ಡ ಸಾಲನ್ನೂ ಉಳಿಸಿಕೊಂಡರು. ತಡೆದು ನಡೆಯುವ ಆ ನಡಿಗೆ ಕನ್ನಡದಲ್ಲೂ ಉಳಿದದ್ದು ಇದರಿಂದ. (ನಮ್ಮ ‘ದೀಮಬ್ಬಿ’ನ ಗುಟ್ಟೂ ಇಲ್ಲೇ ಇದೆ. ‘ಮುಸುಕಿದೀ’ ಎಂಬಲ್ಲಿಗೆ ಗಣ ಮುಗಿಯಬೇಕು. ನಾವು ಅದನ್ನು ಮಧ್ಯಕ್ಕೇ ಕತ್ತರಿಸುತ್ತಿದ್ದೆವು.)

ಗಿಡ್ಡ ಸಾಲಿನಲ್ಲಿ ಇನ್ನೊಂದು ಸಂಗತಿ ನಡೆದಿದೆ. ಮೂಲದಲ್ಲಿರುವುದು ‘ನನ್ನನ್ನು ಮುನ್ನಡೆಸು’ ಎಂಬಷ್ಟೇ. ಅಲ್ಲಿ ಬೆಳಕು ಮುಂದಿದೆ, ಮನುಷ್ಯ ಹಿಂದಿದ್ದಾನೆ, ನಡುವೆ ಅಂತರವಿದೆ. ಮೇಘಸ್ತಂಭದ ಕತೆಯಲ್ಲಿ ಇದ್ದಂತೆಯೇ. ಶ್ರೀಯವರು ‘ಕೈ ಹಿಡಿದು ನಡೆಸೆನ್ನನು’ ಎಂದರು. ಮೂಲದಲ್ಲಿ ಕೈ ಇಲ್ಲ. ಬೆಳಕಿಗೆ ಕೈ ಇರುವುದಾದರೂ ಹೇಗೆ? ಆದರೆ ಕನ್ನಡದ ಕಿವಿಗೆ ಅದು ಅಸಹಜವೆನಿಸುವುದಿಲ್ಲ, ದೇವರನ್ನು ಕೈ ಹಿಡಿದು ಕಾಯೋ ಎಂದು ಕರೆದು ರೂಢಿಯಿರುವ ಭಾಷೆ ಇದು. ಆ ಒಂದು ಪದದಿಂದ ಇಸ್ರಾಯೇಲರ ಮರುಭೂಮಿ ಹಿಂದೆ ಸರಿದು, ಕತ್ತಲಲ್ಲಿ ಅಪ್ಪನ ಬೆರಳು ಹಿಡಿದ ಮಗು ಮುಂದೆ ಬಂತು. ಮೂಲದಲ್ಲಿಲ್ಲದ ‘ಗವಿ’ಯೂ ‘ಕನಿಕರಿಸಿ’ ಎಂಬ ಮಾತೂ ಹೀಗೆಯೇ ಬಂದು ಸೇರಿದವು. ಇಂಗ್ಲೆಂಡಿನ ಪಾಳುಬಯಲು ಮತ್ತು ಜವುಗುನೆಲ ಹೋಗಿ ‘ಕಷ್ಟದಡವಿ’ ಬಂತು.

ಮೂಲದಲ್ಲಿ ದೇವರ ಹೆಸರಿಲ್ಲದಿದ್ದುದು ಇಲ್ಲಿ ಅನುಕೂಲವಾಯಿತು. ಯಾವ ಮನೆಯ ಮಗುವೂ ಕೈ ಜೋಡಿಸಿ ಹೇಳಬಹುದಾದ ಪ್ರಾರ್ಥನೆಯಾಗಿ ಅದು ಶಾಲೆಯ ಅಂಗಳಕ್ಕೆ ಬಂತು. ಇದು ಸ್ತುತಿಗೀತೆಯ ವಿಸ್ತಾರವೋ, ಅದರ ಕ್ರೈಸ್ತ ಬೇರು ಮರೆತುಹೋದ ನಷ್ಟವೋ ಎಂದು ಕೇಳಿದರೆ ಎರಡೂ ಹೌದು.

ಒಂದು ಮಲಗುವ ಕೋಣೆ, ಒಂದು ಕಲ್ಲಿದ್ದಲ ಗಣಿ

1908ರ ಫೆಬ್ರುವರಿ 10ರಂದು ಜೊಹಾನ್ಸ್‌ಬರ್ಗಿನ ಬೀದಿಯಲ್ಲಿ ಗಾಂಧಿಯವರ ಮೇಲೆ ಹಲ್ಲೆಯಾಯಿತು. ಸರ್ಕಾರದ ಜತೆ ರಾಜಿ ಮಾಡಿಕೊಂಡರೆಂಬ ಸಿಟ್ಟಿಗೆ ಮೀರ್ ಆಲಂ ಎಂಬ ಪಠಾಣ ಮತ್ತು ಅವನ ಜತೆಗಾರರು ಹೊಡೆದಿದ್ದರು. ಜೋಸೆಫ್ ಡೋಕ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಅವರನ್ನು ತಮ್ಮ ಮನೆಗೆ ಕರೆದೊಯ್ದರು. ಗಾಯಗಳಿಗೆ ಹೊಲಿಗೆ ಹಾಕಿದ್ದ ವೈದ್ಯರು ಮಾತಾಡಕೂಡದೆಂದಿದ್ದರು. ಗಾಂಧಿಯವರಿಗೆ ಒಂದು ಆಸೆಯಾಯಿತು: ಪಾದ್ರಿಯ ಪುಟ್ಟ ಮಗಳು ಆಲಿವ್ ತನಗಾಗಿ ‘ಲೀಡ್, ಕೈಂಡ್ಲಿ ಲೈಟ್’ ಹಾಡಲಿ. ಡೋಕ್ ಮಗಳನ್ನು ಸನ್ನೆಯಿಂದಲೇ ಕರೆದು, ಬಾಗಿಲಲ್ಲಿ ನಿಂತು ಮೆಲುದನಿಯಲ್ಲಿ ಹಾಡೆಂದರು. ಎಷ್ಟೋ ವರ್ಷಗಳ ಮೇಲೆ ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಚರಿತ್ರೆ ಹೇಳುವಾಗ ಆ ದೃಶ್ಯ ಕಣ್ಣಮುಂದೆ ಬರುತ್ತಿದೆ, ಆಲಿವಳ ದನಿ ಕಿವಿಯಲ್ಲಿದೆ ಎಂದು ಗಾಂಧಿ ನೆನೆದರು. ಅವರು ಕ್ರೈಸ್ತರಾಗಲಿಲ್ಲ. ‘ಒಂದು ಹೆಜ್ಜೆ ಸಾಕು’ ಎಂಬ ಮಾತನ್ನು ಮಾತ್ರ ಜೀವನವಿಡೀ ಇಟ್ಟುಕೊಂಡರು. ನರಸಿಂಹರಾವ್ ದಿವೇಟಿಯಾ ಮಾಡಿದ ಗುಜರಾತಿ ರೂಪ ಆಶ್ರಮದ ಪ್ರಾರ್ಥನೆಗೆ ಸೇರಿತು.

ಮರುವರ್ಷ, 1909ರ ಫೆಬ್ರುವರಿ 16ರಂದು, ಡೈಕ್ಸ್ ಪಾದ್ರಿಯಾಗಿದ್ದ ಅದೇ ಡರ್ಹಮ್ ಸೀಮೆಯ ವೆಸ್ಟ್ ಸ್ಟ್ಯಾನ್ಲಿ ಗಣಿಯಲ್ಲಿ ಸ್ಫೋಟವಾಗಿ 168 ಜನ ಸತ್ತರು. ಮೂವತ್ತಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರು ಗಾಳಿ ಕೆಡದಿದ್ದ ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿದ್ದರು. ಕೆಲವರು ತಾಳಲಾರದೆ ಹೊರಗೆ ನುಗ್ಗಿ ವಿಷಗಾಳಿಗೆ ಸತ್ತರು. ಉಳಿದವರು ಕತ್ತಲಲ್ಲಿ ಕುಳಿತಿದ್ದಾಗ ಒಬ್ಬ ಈ ಹಾಡನ್ನು ಗುನುಗಲಾರಂಭಿಸಿದ; ಒಬ್ಬೊಬ್ಬರಾಗಿ ದನಿಗೂಡಿಸಿದರು. ಹಾಡು ಮುಗಿಯುವ ಮುನ್ನ ಹದಿನಾಲ್ಕು ವರ್ಷದ ಹುಡುಗನೊಬ್ಬ ಅವರ ನಡುವೆಯೇ ತೀರಿಕೊಂಡ. ಸುಮಾರು ಹದಿನಾಲ್ಕು ಗಂಟೆಗಳ ಬಳಿಕ ಇಪ್ಪತ್ತಾರು ಮಂದಿಯನ್ನು ಜೀವಂತವಾಗಿ ಮೇಲೆ ತಂದರು.

ಅವರ ಕೈಯಲ್ಲಿ ಪುಸ್ತಕವಿರಲಿಲ್ಲ, ಇದ್ದಿದ್ದರೂ ಓದುವ ಬೆಳಕಿರಲಿಲ್ಲ. ಹಾಡು ಬಾಯಲ್ಲೇ ಇತ್ತು. ಎಷ್ಟೋ ಭಾನುವಾರಗಳಲ್ಲಿ, ಬಹುಶಃ ಮನಸ್ಸು ಬೇರೆಲ್ಲೋ ಇದ್ದಾಗ, ಹಾಡಿ ಹಾಡಿ ಕೂತದ್ದು. ಸ್ತುತಿಗೀತೆ ಸ್ವಂತದ್ದಾಗುವ ಕ್ರಮವೇ ಹೀಗೆ: ಮಾತು ಬಾಯಿಗೆ ಮೊದಲು ಬರುತ್ತದೆ, ಅರ್ಥ ಬದುಕಿನಿಂದ ಆಮೇಲೆ ಬಂದು ಸೇರುತ್ತದೆ. ಧಾಟಿಯ ಮುಖ್ಯ ಕೆಲಸ ಆ ನಡುವಿನ ವರ್ಷಗಳಲ್ಲಿ ಮಾತು ಕೆಡದಂತೆ ಕಾಪಾಡುವುದು. ಉಪ್ಪಿನಕಾಯಿಯ ಉಪ್ಪಿನಂತೆ ಎನ್ನಬಹುದೇನೋ.

ನನ್ನ ಮಟ್ಟಿಗೂ ಅದು ಹಾಗೇ ಆಯಿತು. ತಂದೆಯವರನ್ನು ಆಸ್ಪತ್ರೆಗೆ ಸೇರಿಸಿದ್ದ ರಾತ್ರಿ, ಮುಂದೇನು ಎಂದು ಕೇಳಿದ್ದಕ್ಕೆ ವೈದ್ಯರು ‘ಬೆಳಗಾಗಲಿ, ನೋಡೋಣ’ ಎಂದಷ್ಟೇ ಹೇಳಿ ಹೋದರು. ಕಾರಿಡಾರಿನ ಬೆಂಚಿನ ಮೇಲೆ ಕುಳಿತಿದ್ದಾಗ ‘ಸಾಕು ನನಗೊಂದು ಹೆಜ್ಜೆ’ ಎಂಬ ಸಾಲು ತಾನಾಗಿಯೇ ಬಂತು, ಶಾಲೆಯ ರಾಗದ ಸಮೇತ. ನಾನು ಅಂಥ ಭಕ್ತನೇನೂ ಅಲ್ಲ. ಆದರೆ ಆ ಸಾಲಿಗೆ ಏನರ್ಥ ಎಂದು ಅಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಭಕ್ತಿಯೋ, ಬರೀ ರಾಗದ ಸುಖವೋ?

ಈ ಅನುಮಾನ ಹೊಸದಲ್ಲ. ಮಿಲಾನಿನ ಸಭೆಯ ಹಾಡು ಕೇಳಿ ಕಣ್ಣೀರಿಟ್ಟಿದ್ದ ಅಗಸ್ಟೀನನೇ ಮುಂದೆ ತನ್ನ ‘ಕನ್ಫೆಷನ್ಸ್’ನಲ್ಲಿ, ಹಾಡಿನ ವಿಷಯಕ್ಕಿಂತ ಹಾಡುವ ದನಿಯೇ ನನ್ನನ್ನು ಹೆಚ್ಚು ಕರಗಿಸಿದರೆ ಅದು ಪಾಪ, ಆಗ ಹಾಡು ಕೇಳದಿದ್ದರೇ ಲೇಸು ಎಂದು ಒದ್ದಾಡಿದ. ಕೊನೆಗೆ, ದುರ್ಬಲ ಮನಸ್ಸುಗಳು ಕಿವಿಯ ಸುಖದ ಮೂಲಕವಾದರೂ ಭಕ್ತಿಗೆ ಏರಲಿ ಎಂದು ಹಾಡಿಗೆ ಒಪ್ಪಿಗೆ ಕೊಟ್ಟ. ಪೂರ್ತಿ ಮನಸ್ಸಿನಿಂದ ಕೊಟ್ಟಂತೆ ಕಾಣುವುದಿಲ್ಲ.

ಹಾಡಿಗೆ ಎಲ್ಲರ ಮೇಲೂ ಒಂದೇ ಪರಿಣಾಮ ಇರುವುದಿಲ್ಲ ಎಂಬುದಕ್ಕೆ ವಿಲಿಯಂ ಕೌಪರ್ ಸಾಕ್ಷಿ. ನ್ಯೂಟನ್ನನ ನೆರೆಯವನಾಗಿದ್ದ ಈ ಕವಿ ಅವನ ಜತೆ ಸೇರಿ 1779ರ ‘ಓಲ್ನಿ ಹಿಮ್ಸ್’ ಸಂಕಲನ ಮಾಡಿದ. ದೇವರ ದಾರಿಗಳು ನಿಗೂಢ, ಆದರೂ ನಂಬು ಎನ್ನುವ ಅವನ ಹಾಡು ಎರಡೂವರೆ ಶತಮಾನಗಳಿಂದ ಎಷ್ಟೋ ಸಾವಿನ ಮನೆಗಳಲ್ಲಿ ಸಾಂತ್ವನ ಹೇಳಿದೆ. ಕೌಪರ್‌ಗೆ ಮಾತ್ರ ಆ ಸಾಂತ್ವನ ಸಿಗಲಿಲ್ಲ. 1773ರಲ್ಲಿ ಗಾಢ ಖಿನ್ನತೆಗೆ ಜಾರಿದವನು, ದೇವರು ತನ್ನನ್ನು ಕೈಬಿಟ್ಟಿದ್ದಾನೆಂದೇ ಸಾಯುವವರೆಗೂ ನಂಬಿದ್ದ. ಬಾವಿ ತೋಡಿದವನಿಗೇ ನೀರು ದಕ್ಕಲಿಲ್ಲ.

ಆ ಮುಖ ಯಾರದು?

ಮತ್ತೆ ನ್ಯೂಮನ್ ಪದ್ಯಕ್ಕೆ ಬಂದರೆ, ಅದರ ಕೊನೆಯ ಸಾಲುಗಳು ಬಹಳ ಜನರನ್ನು ಕಾಡಿವೆ. ಇರುಳು ಕಳೆದು ಬೆಳಗಾದಾಗ, ಹಿಂದೊಮ್ಮೆ ನಾನು ಒಲಿದಿದ್ದ, ಈ ನಡುವೆ ಕಳೆದುಕೊಂಡ ದೇವದೂತರ ಮುಖಗಳು ನಗುತ್ತವೆ ಎನ್ನುತ್ತದೆ ಮೂಲ. ಯಾರವು ಆ ಮುಖಗಳು? ತೀರಿಕೊಂಡ ಬಂಧುಗಳವೆಂದು ಹೆಚ್ಚಿನವರು ಭಾವಿಸಿದರು. ಹಾಡು ಶವಸಂಸ್ಕಾರಗಳಲ್ಲಿ ಕೇಳಿಬರಲು ಅದೂ ಕಾರಣವಿರಬೇಕು. ಕೆಲವರು ನ್ಯೂಮನ್ನರ ಆತ್ಮಕಥನದತ್ತ ಬೆರಳು ತೋರಿಸಿದರು. ಚಿಕ್ಕವನಿದ್ದಾಗ ತಾನೂ ಒಬ್ಬ ದೇವದೂತನಿರಬಹುದು, ಈ ಲೋಕವೆಲ್ಲ ಒಂದು ಕಣ್ಕಟ್ಟಿರಬಹುದು, ಜತೆಯ ದೇವದೂತರು ಆಟಕ್ಕಾಗಿ ತನ್ನಿಂದ ಅಡಗಿಕೊಂಡಿರಬಹುದು ಎಂದು ಅವರು ಊಹಿಸಿಕೊಳ್ಳುತ್ತಿದ್ದರಂತೆ. ಹಾಗಾದರೆ ಕಳೆದುಹೋದದ್ದು ಬಾಲ್ಯದ ಆ ನಂಬಿಕೆಯೇ?

1879ರಲ್ಲಿ ಒಬ್ಬರು ನೇರವಾಗಿ ಅವರನ್ನೇ ಪತ್ರ ಬರೆದು ಕೇಳಿದರು. ನ್ಯೂಮನ್ನರಿಗೆ ಆಗ ಎಪ್ಪತ್ತೇಳು ದಾಟಿತ್ತು. ಸುಮಾರು ಐವತ್ತು ವರ್ಷಗಳಾದ ಮೇಲೆ, ಅಂದು ನನ್ನ ಮನಸ್ಸಿನಲ್ಲಿ ಏನಿತ್ತೆಂದು ನೆನಪಿಟ್ಟುಕೊಳ್ಳುವ ಬಾಧ್ಯತೆ ನನಗಿಲ್ಲ ಎಂದು ಅವರು ಉತ್ತರಿಸಿದರು.

ಶ್ರೀಯವರು ದೇವದೂತರನ್ನು ಬಿಟ್ಟು ‘ದಿವ್ಯ ಮುಖ’ ಎಂದಷ್ಟೇ ಉಳಿಸಿಕೊಂಡರು. ಮುಖ ಒಂದೋ ಹಲವೋ ಎಂದು ಕನ್ನಡ ಹೇಳುವುದೂ ಇಲ್ಲ. ನಮ್ಮ ತಾಯಿ ಸಂಜೆ ದೀಪ ಹಚ್ಚಿದ ಮೇಲೆ ಈಗಲೂ ಕೆಲವೊಮ್ಮೆ ಈ ಹಾಡನ್ನು ಗುನುಗುತ್ತಾರೆ. ನ್ಯೂಮನ್ ಯಾರೆಂದು ಅವರಿಗೆ ಗೊತ್ತಿಲ್ಲ. ಈ ಲೇಖನ ಬರೆಯುವ ಹೊತ್ತಿಗೆ ಕೇಳಿದೆ: ‘ಅಮ್ಮಾ, ಆ ದಿವ್ಯ ಮುಖ ಯಾರದು?’

ಒಲೆಯ ಕಡೆ ತಿರುಗಿಕೊಂಡೇ, ‘ಇನ್ಯಾರದು, ನಿನ್ನ ದೊಡ್ಡಮ್ಮನದು’ ಎಂದರು.